ಗೋಡೆಯ ಸೊಟ್ಟೂ ದಾಖಲೆಯೇ

ಕೇಳುಗರಿಗೆ ನಮಸ್ಕಾರ.

ಹಳೇ ಪೇಟೆಯ ಬೀದಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಲು ಹೊರಟವರು ಮೊದಲು ಬಿಡಬೇಕಾದದ್ದು ಚೆಂದ ಮಾಡುವ ಆಸೆಯನ್ನು. ಹಳೆಯ ಮನೆಯ ಗೋಡೆ ನೆಟ್ಟಗಿರುವುದಿಲ್ಲ. ಎರಡು ಕಿಟಕಿ ಒಂದೇ ಅಳತೆಯಲ್ಲಿರುವುದಿಲ್ಲ. ಸೂರು ನಡುವೆ ನಾಲ್ಕು ಬೆರಳು ಜಗ್ಗಿರುತ್ತದೆ. ಒಂದು ಕಿಟಕಿ ಬಿಡಿಸಿ ಅದನ್ನೇ ಹನ್ನೆರಡು ಕಡೆ ನಕಲು ಹೊಡೆದು, ಗೋಡೆಯನ್ನು ಎಳೆದು ನೆಟ್ಟಗೆ ನಿಲ್ಲಿಸಿದರೆ ಪರದೆಯ ಮೇಲೆ ಬೀದಿ ಥಳಥಳ ಅನ್ನುತ್ತದೆ, ಸರಿ. ಆದರೆ ಐದು ವರ್ಷ ಬಿಟ್ಟು ‘ಆ ಗೋಡೆ ಇನ್ನಷ್ಟು ವಾಲಿದೆಯೇ?’ ಎಂದು ಕೇಳಿದರೆ ಆ ಮಾದರಿ ಬಾಯಿ ಬಿಡುವುದಿಲ್ಲ.

ಫೋಟೋದಿಂದ ಕಟ್ಟಡ ಅಳೆಯುವ ಯೋಚನೆ ಕಂಪ್ಯೂಟರಿಗಿಂತ ಬಹಳ ಹಳೆಯದು. 1858ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ಚರ್ಚನ್ನು ಹತ್ತಿ ಅಳೆಯುತ್ತಿದ್ದ ವಾಸ್ತುಶಿಲ್ಪಿ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಇನ್ನೇನು ಬಿದ್ದೇಬಿಡುತ್ತಿದ್ದರಂತೆ. ಕೈಯಿಂದ ಅಳೆಯುವ ಬದಲು ಫೋಟೋದಲ್ಲೇ ಅಳೆಯಬಾರದೇಕೆ ಎಂದು ಅವರಿಗೆ ಹೊಳೆದದ್ದು ಆಗ. ಎರಡನೇ ಮಹಾಯುದ್ಧದಲ್ಲಿ ನೆಲಸಮವಾದ ವಾರ್ಸಾದ ಹಳೆಯ ಪಟ್ಟಣ ಮತ್ತೆ ಎದ್ದು ನಿಂತದ್ದರಲ್ಲಿ, ಯುದ್ಧಕ್ಕೆ ಮುಂಚೆ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅಳೆದು ಬರೆದಿಟ್ಟಿದ್ದ ನಕ್ಷೆಗಳ ಪಾಲು ದೊಡ್ಡದು. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚನ್ನು ಕಲಾ ಇತಿಹಾಸಕಾರ ಆಂಡ್ರೂ ಟ್ಯಾಲನ್ 2010ರಲ್ಲಿ 50ಕ್ಕೂ ಹೆಚ್ಚು ಕಡೆ ಲೇಸರ್ ಯಂತ್ರ ನಿಲ್ಲಿಸಿ ಅಳೆದಿದ್ದರು. 2019ರ ಏಪ್ರಿಲ್ 15ರಂದು ಬೆಂಕಿ ಬಿದ್ದ ಮೇಲೆ ಎಲ್ಲರೂ ಹುಡುಕಿದ್ದು ಆ ಅಳತೆಯನ್ನೇ.

ಲೇಸರ್ ಯಂತ್ರ ಇಲ್ಲದಿದ್ದರೂ ಒಳ್ಳೆಯ ಕ್ಯಾಮೆರಾ ಒಂದರಿಂದ ಬಹುಪಾಲು ಕೆಲಸ ಆಗುತ್ತದೆ: ಹಲವು ಕಡೆಯಿಂದ ತೆಗೆದ ಫೋಟೋಗಳನ್ನು ಹೋಲಿಸಿ ಸಾಫ್ಟ್‌ವೇರ್ ಮಾದರಿ ಕಟ್ಟುತ್ತದೆ. ಮೊದಲು ಒಂದು ಸಣ್ಣ ಲೆಕ್ಕ. ಕ್ಯಾಮೆರಾದ ಒಂದು ಪಿಕ್ಸೆಲ್ಲಿನ ಅಗಲವನ್ನು ಗೋಡೆಗಿರುವ ದೂರದಿಂದ ಗುಣಿಸಿ, ಲೆನ್ಸಿನ ನಾಭಿದೂರದಿಂದ, ಅಂದರೆ ಲೆನ್ಸಿನ ಮೇಲೆ ಮಿಲಿಮೀಟರಿನಲ್ಲಿ ಬರೆದಿರುವ ಸಂಖ್ಯೆಯಿಂದ ಭಾಗಿಸಿ. ಪಿಕ್ಸೆಲ್ 6 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಆರು ಪಾಲು), ಲೆನ್ಸ್ 24 ಮಿಲಿಮೀಟರ್, ದೂರ 10 ಮೀಟರ್ ಅಂದರೆ ಫೋಟೋದ ಒಂದೊಂದು ಚುಕ್ಕೆ ಗೋಡೆಯ ಮೇಲೆ 2.5 ಮಿಲಿಮೀಟರ್ ಜಾಗ ಹಿಡಿಯುತ್ತದೆ. ಗೋಡೆಗೆ ಇದು ಸಾಕು, ಬಾಗಿಲವಾಡದ ಕೆತ್ತನೆಗೆ ಸಾಲದು. ಅಲ್ಲಿ 2 ಮೀಟರ್ ಹತ್ತಿರಕ್ಕೆ ಹೋಗಿ, ಅರ್ಧ ಮಿಲಿಮೀಟರ್ ಸಿಗುತ್ತದೆ.

ಫೋಟೋ ತೆಗೆಯುವಾಗ ಪಕ್ಕದ ಚಿತ್ರಗಳು ಶೇಕಡಾ 80ರಷ್ಟು, ಮೇಲೆ ಕೆಳಗಿನ ಸಾಲುಗಳು ಶೇಕಡಾ 60ರಷ್ಟು ಒಂದರ ಮೇಲೊಂದು ಹಾಯಬೇಕು. ಮೂಲೆ ತಿರುಗುವಾಗ 10ರಿಂದ 15 ಡಿಗ್ರಿಗೊಂದು ಚಿತ್ರ. ಹೊಸಬರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ ನಿಂತು ಸುತ್ತ ತಿರುಗುತ್ತಾ ಫೋಟೋ ತೆಗೆದು. ಹಾಗೆ ಮಾಡಿದರೆ ಆಳ ಸಿಗುವುದಿಲ್ಲ. ಎರಡು ಕಣ್ಣಿಗೂ ನಡುವೆ ಅಂತರ ಇದ್ದರೆ ತಾನೆ ದೂರ ತಿಳಿಯುವುದು? ಆದ್ದರಿಂದ ಕಾಲು ಸರಿಯಲೇಬೇಕು. ಜೂಮ್ ಮುಟ್ಟಬಾರದು, ಬೇಕಾದರೆ ಟೇಪು ಸುತ್ತಿಬಿಡಿ. ಮೋಡ ಕವಿದ ದಿನವೇ ಒಳ್ಳೆಯದು; ಬಿಸಿಲಿನ ನೆರಳು ಗೋಡೆಯ ಬಣ್ಣದ ಜೊತೆ ಅಂಟಿಕೊಂಡರೆ ಆಮೇಲೆ ಬಿಡಿಸುವುದು ದೊಡ್ಡ ತಲೆನೋವು. ಗಾಜು, ಒದ್ದೆ ಕಲ್ಲು, ಈಗಷ್ಟೇ ಸುಣ್ಣ ಬಳಿದ ಬಿಳಿ ಗೋಡೆ, ಇವುಗಳ ಮೇಲೆ ಸಾಫ್ಟ್‌ವೇರಿಗೆ ಗುರುತು ಹಿಡಿಯಲು ಏನೂ ಸಿಗದೆ ಮಾದರಿಯಲ್ಲಿ ತೂತು ಬೀಳುತ್ತದೆ. ಕರೆಂಟಿನ ತಂತಿಗಳು ಗೋಡೆಗೆ ಮೆತ್ತಿಕೊಂಡು ಗಂಟಾಗುತ್ತವೆ.

ಇನ್ನು ಕಿರಿದಾದ ಬೀದಿಯ ಪಾಡು ಬೇರೆಯೇ. ನೂರು ಮೀಟರ್ ಬೀದಿಯನ್ನು ಒಂದೇ ದಿಕ್ಕಿನಲ್ಲಿ ಫೋಟೋ ತೆಗೆಯುತ್ತಾ ಹೋದರೆ, ಚಿತ್ರದಿಂದ ಚಿತ್ರಕ್ಕೆ ಆಗುವ ಕೂದಲೆಳೆ ತಪ್ಪು ಸೇರುತ್ತಾ ಹೋಗಿ, ಕೊನೆಗೆ ನೇರ ಬೀದಿ ಬಾಳೆಕಾಯಿಯಂತೆ ಬಾಗಿರುತ್ತದೆ. ಇದಕ್ಕೆ ಮದ್ದು ಎರಡು. ಒಂದು, ಹೋದ ದಾರಿಯಲ್ಲೇ ಎದುರು ಬದಿಯಿಂದ ಹಿಂದಿರುಗಿ ಸುತ್ತು ಮುಚ್ಚುವುದು. ಎರಡು, ಬೀದಿಯುದ್ದಕ್ಕೂ ಕಪ್ಪು ಬಿಳುಪು ಚೌಕದ ಗುರುತು ಅಂಟಿಸಿ ಅವುಗಳ ಜಾಗವನ್ನು ಟೋಟಲ್ ಸ್ಟೇಷನ್‌ನಿಂದ, ಅಂದರೆ ಕೋನ, ದೂರ ಎರಡನ್ನೂ ಅಳೆಯುವ ಸರ್ವೆ ಯಂತ್ರದಿಂದ ಅಳೆಯುವುದು. ಜಿಪಿಎಸ್ ನೆಚ್ಚಿಕೊಳ್ಳಬೇಡಿ, ಎತ್ತರದ ಗೋಡೆಗಳ ನಡುವೆ ಉಪಗ್ರಹದ ಸಂಕೇತ ಅಲ್ಲಿ ಇಲ್ಲಿ ಬಡಿದು ಬರುವುದರಿಂದ ಲೆಕ್ಕ ಕೆಡುತ್ತದೆ. ಅಳೆದ ಗುರುತುಗಳಲ್ಲಿ ಮೂರೋ ನಾಲ್ಕೋ ಸಾಫ್ಟ್‌ವೇರಿಗೆ ಕೊಡದೆ ಕೈಯಲ್ಲೇ ಇಟ್ಟುಕೊಂಡು, ಕೊನೆಗೆ ಅವುಗಳಿಂದ ತಾಳೆ ನೋಡಿ. ಕೊಟ್ಟ ಗುರುತಿನ ಮೇಲೆ ಸಾಫ್ಟ್‌ವೇರ್ ತೋರಿಸುವ ‘ತಪ್ಪು 3 ಮಿಲಿಮೀಟರ್’ ಅನ್ನುವುದು, ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕವನು ತೆಗೆದ ಅಂಕದ ಹಾಗೆ.

ಮಾದರಿ ಸಿದ್ಧವಾಗಿ, ಅದರೊಳಗೆ ಓಡಾಡಿ ನೋಡಲು ಆಟದ ಎಂಜಿನ್ನಿಗೆ (ವಿಡಿಯೋ ಗೇಮ್ ಕಟ್ಟುವ ಸಾಫ್ಟ್‌ವೇರಿಗೆ) ಹಾಕಿದೊಡನೆ ಕಂಬಗಳೆಲ್ಲ ಗಡಗಡ ನಡುಗಲು ಶುರುವಾದರೆ ಗಾಬರಿ ಬೇಡ. ಸರ್ವೆ ನಿರ್ದೇಶಾಂಕಗಳು, ಅಂದರೆ ನಕ್ಷೆಯಲ್ಲಿ ಜಾಗ ಹೇಳುವ ಅಂಕಿಗಳು, ಹತ್ತಾರು ಲಕ್ಷ ಮೀಟರಿನ ದೊಡ್ಡ ಸಂಖ್ಯೆಗಳು. ಹಲವು ಎಂಜಿನ್‌ಗಳು ಅವನ್ನು ಇಟ್ಟುಕೊಳ್ಳುವುದು 32 ಬಿಟ್‌ನಲ್ಲಿ, ಅಂದರೆ ಏಳೆಂಟು ಅಂಕಿಯಷ್ಟೇ ಹಿಡಿಸುವ ಜಾಗದಲ್ಲಿ. ಹದಿನೈದು ಲಕ್ಷದ ಆಸುಪಾಸಿನಲ್ಲಿ ಅಂಥ ಎಂಜಿನ್ನಿಗೆ 12.5 ಸೆಂಟಿಮೀಟರಿಗಿಂತ ಚಿಕ್ಕ ಅಂತರವೇ ಗೊತ್ತಾಗುವುದಿಲ್ಲ. ಬೀದಿಯ ಮೂಲೆಯೊಂದನ್ನು ಸೊನ್ನೆ ಎಂದು ಹಿಡಿದು ಎಲ್ಲವನ್ನೂ ಅಲ್ಲಿಂದ ಲೆಕ್ಕ ಹಾಕಿ. ಎಷ್ಟು ಕಳೆದಿರಿ ಎಂಬುದನ್ನು ಮಾತ್ರ ಬರೆದಿಡಿ, ಇಲ್ಲದಿದ್ದರೆ ಮಾದರಿ ಮತ್ತೆ ನಕ್ಷೆಯ ಮೇಲೆ ಕೂರುವುದಿಲ್ಲ.

ಪೇಟೆಯೆಲ್ಲವನ್ನೂ ಒಂದೇ ಸೂಕ್ಷ್ಮದಲ್ಲಿ ಮಾಡಲು ಹೋಗಬೇಡಿ. ಹಿಂದಿನ ಸಾಲುಗಳಿಗೆ ಗೋಡೆ, ಚಾವಣಿಯ ಆಕಾರ ಸಾಕು.

ಕಳೆದುಹೋದ ಭಾಗಗಳ ವಿಷಯದಲ್ಲಿ ಎಚ್ಚರ ಹೆಚ್ಚಿರಲಿ. ಮೇಲಂತಸ್ತು ಬಿದ್ದಿದೆ, ಹಳೆಯ ಫೋಟೋದಲ್ಲಿ ಅರ್ಧ ಕಾಣುತ್ತದೆ, ಉಳಿದರ್ಧ ನಿಮ್ಮ ಊಹೆ. ಮೂರಕ್ಕೂ ಮೂರು ಬಣ್ಣ ಇರಲಿ: ಅಳೆದದ್ದು, ಫೋಟೋ ನೋಡಿ ಕಟ್ಟಿದ್ದು, ಊಹಿಸಿದ್ದು. ಯಾವುದಕ್ಕೆ ಯಾವ ಆಧಾರ ಎಂದು ಬರೆದಿಡಬೇಕೆಂಬುದು ಪರಂಪರೆಯ ತಾಣಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವವರಿಗಾಗಿ ಬರೆದ 2006ರ ಲಂಡನ್ ಚಾರ್ಟರಿನ ತಿರುಳೂ ಹೌದು. ಊಹೆಯೊಂದು ಸಿಕ್ಕಿಬಿದ್ದರೆ ಅಳೆದ ಗೋಡೆಯನ್ನೂ ಯಾರೂ ನಂಬುವುದಿಲ್ಲ. ಮೂಲ ಫೋಟೋಗಳನ್ನು, ಪಾಯಿಂಟ್ ಕ್ಲೌಡನ್ನು (ಅಳೆದ ಲಕ್ಷಾಂತರ ಚುಕ್ಕೆಗಳ ರಾಶಿಯನ್ನು) ಇ57ರಂಥ, ಯಾವ ಸಾಫ್ಟ್‌ವೇರೂ ತೆರೆಯಬಹುದಾದ ಮುಕ್ತ ಫೈಲು ರೂಪದಲ್ಲಿ ಬೇರೆಯಾಗಿ ಇಡಿ. ಸಾಫ್ಟ್‌ವೇರಿನ ಸ್ವಂತ ಫೈಲು ಹತ್ತು ವರ್ಷದ ಮೇಲೆ ತೆರೆಯುತ್ತದೆಂಬ ಭರವಸೆ ಇಲ್ಲ.

ಇಷ್ಟು ಕಷ್ಟಪಟ್ಟದ್ದು ಕೆಲಸಕ್ಕೆ ಬರುವುದು ಬೀದಿಯ ಹಿಂದೆ ಹದಿನೈದು ಮಹಡಿಯ ಕಟ್ಟಡ ಏಳುತ್ತದೆಂಬ ಸುದ್ದಿ ಬಂದಾಗ. ಆ ಕಟ್ಟಡದ ಎತ್ತರವನ್ನು ಕಟ್ಟುವ ಅನುಮತಿಯ ಅರ್ಜಿಯಲ್ಲಿದ್ದ ಹಾಗೇ ಮಾದರಿಯೊಳಗೆ ನಿಲ್ಲಿಸಿ, ಬೀದಿಯಲ್ಲಿ ನಡೆಯುವವರ ಕಣ್ಣಿನ ಎತ್ತರದಿಂದ, ಅಂದರೆ ಸುಮಾರು 1.6 ಮೀಟರಿನಿಂದ ತೋರಿಸಿ. ಹಾರುವ ಹಕ್ಕಿಯ ನೋಟ ಬೇಡ, ಅಲ್ಲಿಂದ ಯಾವ ಗೋಪುರವೂ ಅಡ್ಡಿ ಅನಿಸುವುದಿಲ್ಲ. ನೋಟದ ಅಗಲ 40 ಡಿಗ್ರಿಯ ಹತ್ತಿರವಿರಲಿ. ಕಟ್ಟಡ ಕಟ್ಟಲು ಹೊರಟವರು ತರುವ ಚಿತ್ರದಲ್ಲಿ ನೋಟ ಎಷ್ಟು ಡಿಗ್ರಿ ಎಂದು ಕೇಳಲು ಮರೆಯಬೇಡಿ: ಅಗಲ ಲೆನ್ಸಿನಲ್ಲಿ ಹಿಂದಿನ ಕಟ್ಟಡ ದೂರ ಸರಿದಂತೆ, ಗಿಡ್ಡವಾದಂತೆ ಕಾಣುತ್ತದೆ, ಅದು ಅಲ್ಲಿ ಇದೆಯೆಂದೇ ಅನಿಸುವುದಿಲ್ಲ.