ತಾಮ್ರದ ಉಂಗುರ, ಮಳೆಯ ಹನಿ

ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ ಆಂಟೆನಾ ಬಗ್ಗೆ ಮಾತಿಗೆ ಕೂತರೆ ಅರ್ಧ ಮಾತು ನೀರಿನದೇ ಆಗುತ್ತದೆ. ಇಂದು ಮೆಟಾಮೆಟೀರಿಯಲ್ ಆಂಟೆನಾ, ಅದರಿಂದ ತೇವ ಅಳೆಯುವುದು, ಉಪಗ್ರಹ ರೇಡಾರ್ ತೆಗೆಯುವ ಚಿತ್ರ, ಈ ಮೂರರ ಬಗ್ಗೆ ಹೇಳುತ್ತೇನೆ.

ಮೆಟಾಮೆಟೀರಿಯಲ್ ಎಂದರೆ ಯಾವುದೋ ಹೊಸ ಲೋಹವಲ್ಲ. ಅದೇ ತಾಮ್ರ, ಅದೇ ಎಫ್‌ಆರ್-4 ಬೋರ್ಡು (ಸಾಮಾನ್ಯ ಸರ್ಕ್ಯೂಟ್‌ಗೆ ಬಳಸುವ ಗಾಜುನಾರಿನ ಹಲಗೆ). ರೇಡಿಯೊ ತರಂಗದೊಡನೆ ವಿಶೇಷವಾಗಿ ವರ್ತಿಸುವ ಗುಣ ಬರುವುದು ಅದರ ಮೇಲೆ ಸಾಲಾಗಿ ಕೆತ್ತಿದ ಪುಟ್ಟ ಆಕಾರಗಳಿಂದ. ಒಂದು ಕಡೆ ಸೀಳಿರುವ ಪುಟ್ಟ ಉಂಗುರದಲ್ಲಿ ಬಳೆ ಇಂಡಕ್ಟರ್ (ಶಕ್ತಿಯನ್ನು ಕಾಂತಕ್ಷೇತ್ರದಲ್ಲಿ ಹಿಡಿಯುವುದು), ಸೀಳು ಕೆಪಾಸಿಟರ್ (ವಿದ್ಯುತ್ ಕ್ಷೇತ್ರದಲ್ಲಿ ಹಿಡಿಯುವುದು); ಎರಡೂ ಸೇರಿ ಉಂಗುರ ತನ್ನದೇ ಒಂದು ಆವೃತ್ತಿಗೆ ಬಲವಾಗಿ ಸ್ಪಂದಿಸುತ್ತದೆ. ಇದರ ಲೆಕ್ಕವನ್ನು 1999ರಲ್ಲಿ ಜಾನ್ ಪೆಂಡ್ರಿ ಮತ್ತು ಸಂಗಡಿಗರು ಕೊಟ್ಟರು. ಮರುವರ್ಷ ಡೇವಿಡ್ ಸ್ಮಿತ್ ತಂಡ ಪ್ರಯೋಗ ಮಾಡಿ ತೋರಿಸಿತು. 2.45 ಗಿಗಾಹರ್ಟ್ಸ್‌ನಲ್ಲಿ ತರಂಗದ ಉದ್ದ 122 ಮಿ.ಮೀ. ಉಂಗುರ ಅದರ ಹತ್ತನೇ ಒಂದು ಭಾಗ, ಅಂದರೆ 12 ಮಿ.ಮೀ. ಒಳಗಿದ್ದರೆ ಒಳ್ಳೆಯದು. ತೀರಾ ದೊಡ್ಡದಾದರೆ ಉಂಗುರಗಳ ಸಾಲು ಒಂದೇ ವಸ್ತುವಿನಂತೆ ವರ್ತಿಸದೆ ತರಂಗವನ್ನು ಚದುರಿಸುತ್ತದೆ.

ಕೈಯಾರೆ ಮಾಡುವವರು ಮೊದಲು ಇದೇ ಆವೃತ್ತಿಗೆ ಸಾದಾ ಪ್ಯಾಚ್ ಆಂಟೆನಾ (ಬೋರ್ಡಿನ ಮೇಲಿನ ಆಯತಾಕಾರದ ತಾಮ್ರದ ತುಂಡು) ಮಾಡಿ. 1.6 ಮಿ.ಮೀ. ದಪ್ಪದ ಬೋರ್ಡಿನಲ್ಲಿ ಪ್ಯಾಚ್ ಸುಮಾರು 37 ಮಿ.ಮೀ. ಅಗಲ, 29 ಮಿ.ಮೀ. ಉದ್ದ ಬರುತ್ತದೆ. ಬೋರ್ಡಿನ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) 4.4 ಎಂದು ಹಿಡಿದ ಲೆಕ್ಕ ಇದು. ಅದು 4.2 ಅಥವಾ 4.6 ಇದ್ದರೆ ಆವೃತ್ತಿ ಸುಮಾರು 50 ಮೆಗಾಹರ್ಟ್ಸ್ ಆಚೀಚೆ ಸರಿಯುತ್ತದೆ. ಆದ್ದರಿಂದ ಉದ್ದವನ್ನು 1 ಮಿ.ಮೀ. ಹೆಚ್ಚೇ ಇಟ್ಟು, ವಿಎನ್‌ಎಯಲ್ಲಿ (ಯಾವ ಆವೃತ್ತಿಯಲ್ಲಿ ಎಷ್ಟು ಶಕ್ತಿ ವಾಪಸ್ಸು ಬರುತ್ತದೆ ಎಂದು ತೋರಿಸುವ ಉಪಕರಣದಲ್ಲಿ) ನೋಡುತ್ತಾ ಅರದಿಂದ ಉಜ್ಜಿ. ಕ್ಯಾಲಿಬ್ರೇಷನ್‌ನ ಓಪನ್ (ತುದಿ ತೆರೆದು), ಶಾರ್ಟ್ (ತುದಿ ಜೋಡಿಸಿ), ಲೋಡ್ (ಗೊತ್ತಿರುವ ರೋಧ ಹಾಕಿ) ಮೂರನ್ನೂ ಕೇಬಲ್‌ನ ತುದಿಯಲ್ಲೇ ಮಾಡಿ. ಉಪಕರಣದ ಬಾಯಲ್ಲಿ ಮಾಡಿದರೆ ಕೇಬಲ್ಲೂ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಎಸ್11 (ಆಂಟೆನಾದಿಂದ ವಾಪಸ್ಸು ಬರುವ ಶಕ್ತಿಯ ಅಳತೆ) ಮೈನಸ್ 10 ಡಿಬಿಗಿಂತ ಕೆಳಗಿಳಿದರೆ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಶಕ್ತಿ ವಾಪಸ್ಸು ಬರುತ್ತಿದೆ ಎಂದರ್ಥ. ಅಷ್ಟಕ್ಕೇ ಹಿಗ್ಗಬೇಡಿ: ಬೋರ್ಡೇ ಶಕ್ತಿಯನ್ನು ನುಂಗಿ ಬಿಸಿಯಾಗುತ್ತಿದ್ದರೂ ಎಸ್11 ಚೆನ್ನಾಗಿಯೇ ಕಾಣುತ್ತದೆ. ಮೆಟಾಮೆಟೀರಿಯಲ್ ಆಂಟೆನಾ ಬಗ್ಗೆ ಯಾರಾದರೂ ಬಣ್ಣಿಸಿದರೆ ನಾನು ಮೊದಲು ಕೇಳುವುದು ಎರಡೇ: ಎಫಿಶಿಯೆನ್ಸಿ (ಕೊಟ್ಟ ಶಕ್ತಿಯಲ್ಲಿ ತರಂಗವಾಗಿ ಹೊರಹೋಗುವ ಪಾಲು) ಎಷ್ಟು, ಬ್ಯಾಂಡ್‌ವಿಡ್ತ್ (ಆಂಟೆನಾ ಕೆಲಸ ಮಾಡುವ ಆವೃತ್ತಿಗಳ ಹರವು) ಎಷ್ಟು?

ಇನ್ನು ಮಳೆ. ಈ ಆವೃತ್ತಿಯಲ್ಲಿ ನೀರಿನ ಪರ್ಮಿಟಿವಿಟಿ 80ರ ಹತ್ತಿರ. ಅರ್ಧ ಮಿ.ಮೀ. ಸೀಳಿನ ಮೇಲೆ ಒಂದೇ ಹನಿ ಕೂತರೂ ಕೆಪಾಸಿಟನ್ಸ್ ಏರಿ ಆವೃತ್ತಿ ಕುಸಿಯುತ್ತದೆ. ಪ್ಲಾಸ್ಟಿಕ್ ಮುಚ್ಚಳ ಹಾಕಿ, ಆದರೆ ಬೋರ್ಡಿಗೆ ಅಂಟಿಸಬೇಡಿ, ಒಂದೆರಡು ಸೆಂ.ಮೀ. ಅಂತರವಿರಲಿ, ಹೊರಮೈಯ ನೀರು ಆಗ ಕಡಿಮೆ ಕಾಡುತ್ತದೆ. ತಳದಲ್ಲಿ ಒಂದು ತೂತು ಬೇಕೇ ಬೇಕು, ಇಲ್ಲವಾದರೆ ಬೆಳಗಿನ ಹೊತ್ತು ಡಬ್ಬಿ ಒಳಗಿನಿಂದಲೇ ಬೆವರುತ್ತದೆ.

ಇದೇ ದೌರ್ಬಲ್ಯ ಸೆನ್ಸರ್ ಆಗಿಯೂ ದುಡಿಯುತ್ತದೆ. ಕಣದಲ್ಲಿ ಒಣಗಿಸಿದ ಕಾಫಿಯನ್ನೋ ಮೆಣಸನ್ನೋ ಉಂಗುರದ ಮೇಲಿನ ಬಟ್ಟಲಲ್ಲಿಟ್ಟರೆ ಆವೃತ್ತಿ ಸರಿದಷ್ಟೂ ತೇವ ಹೆಚ್ಚು. ಪ್ರತಿ ಸಲವೂ ಅಷ್ಟೇ ತೂಕ, ಅಷ್ಟೇ ಒತ್ತಡ ಇರಬೇಕು; ಕಾಳು ಸಡಿಲವಾಗಿದ್ದರೆ ನಡುವಿನ ಗಾಳಿ ಸೇರಿ ಇರುವುದಕ್ಕಿಂತ ಒಣಗಿದಂತೆ ತೋರಿಸುತ್ತದೆ.

ಚಿತ್ರ ತೆಗೆಯುವ ವಿಚಾರಕ್ಕೆ ಬಂದರೆ, ಮಳೆಗಾಲದಲ್ಲಿ ಸಾಮಾನ್ಯ ಉಪಗ್ರಹ ಕ್ಯಾಮೆರಾಕ್ಕೆ ಇಲ್ಲಿ ಕಾಣುವುದು ಮೋಡ ಮಾತ್ರ. 2025ರ ಜುಲೈ 30ರಂದು ಹಾರಿದ ನಾಸಾ-ಇಸ್ರೋ ಜಂಟಿ ಉಪಗ್ರಹ ನಿಸಾರ್‌ನ ಎಲ್-ಬ್ಯಾಂಡ್ ರೇಡಾರ್‌ಗೆ ಮೋಡ ಅಡ್ಡಿಯಲ್ಲ. ಅದರ 24 ಸೆಂ.ಮೀ. ತರಂಗ ತೋಟದ ನೆರಳು ಮರಗಳ ಎಲೆಗಳನ್ನೂ ಬಹುಮಟ್ಟಿಗೆ ದಾಟುತ್ತದೆ. 12 ಮೀಟರ್ ಆಂಟೆನಾ ಒಂದೇ ಆಗಿದ್ದರೆ 747 ಕಿ.ಮೀ. ಎತ್ತರದಿಂದ ಹದಿನೈದು ಕಿ.ಮೀ. ಅಗಲವೆಲ್ಲ ಒಂದೇ ಚುಕ್ಕೆಯಾಗುತ್ತಿತ್ತು. ಸಾಗುತ್ತಾ ಪಡೆದ ಪ್ರತಿಧ್ವನಿಗಳನ್ನು ಫೇಸ್ (ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದು) ಸಮೇತ ಕೂಡಿಸುವುದರಿಂದ ಕೆಲವೇ ಮೀಟರ್‌ಗಳ ವಿವರ ಸಿಗುತ್ತದೆ. 12 ದಿನಗಳ ಅಂತರದ ಎರಡು ಚಿತ್ರಗಳ ಫೇಸ್ ಹೋಲಿಸಿದರೆ ಮೆಲ್ಲಗೆ ಜಾರುವ ಗುಡ್ಡ ಗೊತ್ತಾಗುತ್ತದೆ. 2018ರ ಆಗಸ್ಟ್‌ನಲ್ಲಿ ಇಲ್ಲಿ ಆದಂತೆ ಒಮ್ಮೆಗೇ ಕುಸಿಯುವುದನ್ನು ಆ ಹೋಲಿಕೆ ಹಿಡಿಯಲಾರದು. ರೇಡಾರ್‌ಗೆ ಮುಖ ಮಾಡಿದ ಕಡಿದಾದ ಇಳಿಜಾರಿನಲ್ಲಿ ಗುಡ್ಡದ ತುದಿಯೂ ಬುಡವೂ ಚಿತ್ರದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಹಾಗಾಗಿ ಉಪಗ್ರಹ ಉತ್ತರಕ್ಕೆ ಹೋಗುವಾಗಿನ ಚಿತ್ರ ಬೇರೆ, ದಕ್ಷಿಣಕ್ಕೆ ಬರುವಾಗಿನದು ಬೇರೆ, ಎರಡನ್ನೂ ತರಿಸಿಕೊಳ್ಳಿ.