ಟೊಳ್ಳುಗಟ್ಟಿಯೋ, ಟೊಳ್ಳು ಗಟ್ಟಿಯೋ?

ಕೇಳುಗರಿಗೆ ನಮಸ್ಕಾರ.

ಬದಿಯಡ್ಕದ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವ. ನಾನಾಗ ಆರನೆಯ ಕ್ಲಾಸು. ಪರದೆಯ ಹಿಂದಿನಿಂದ ಮಾಸ್ತರರು ಮೈಕದಲ್ಲಿ, "ಮುಂದಿನ ಕಾರ್ಯಕ್ರಮ ನಾಟಕ, ಟೊಳ್ಳುಗಟ್ಟಿ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟರು. ಪಕ್ಕದಲ್ಲಿ ಕೂತಿದ್ದ ನನ್ನ ಅಜ್ಜಿ, ಅದು ಯಾವ ಗಟ್ಟಿ ಎಂದು ಕಿವಿಯಲ್ಲಿ ಕೇಳಿದರು. ತುಳು ಮನೆಮಾತಿನ ಅಜ್ಜಿಗೆ ಗಟ್ಟಿ ಎಂದರೆ ತಿನ್ನುವ ಗಟ್ಟಿ. ಹಲಸಿನ ಹಣ್ಣನ್ನು ಅಕ್ಕಿಯ ಜೊತೆ ಅರೆದು, ಬಾಳೆಲೆಯಲ್ಲಿ ಮಡಚಿ, ಹಬೆಯಲ್ಲಿ ಬೇಯಿಸಿದ್ದು. ಎಲೆ ಬಿಡಿಸುವಾಗ ಬರುವ ಆ ಬಿಸಿ ಪರಿಮಳ ಈಗಲೂ ನನಗೆ ಈ ನಾಟಕದ ಹೆಸರಿನ ಜೊತೆಗೇ ನೆನಪಾಗುತ್ತದೆ.

ಟಿ. ಪಿ. ಕೈಲಾಸಂ ಅವರು ಇಟ್ಟದ್ದು ಎರಡು ಮಾತು, ಟೊಳ್ಳು ಮತ್ತು ಗಟ್ಟಿ. ಇಬ್ಬರು ಅಣ್ಣತಮ್ಮಂದಿರು. ಪುಸ್ತಕ ಉರು ಹೊಡೆದು ಪರೀಕ್ಷೆ ಗೆದ್ದವನೊಬ್ಬ, ಪರೀಕ್ಷೆಯಲ್ಲಿ ಹಿಂದೆ ಬಿದ್ದರೂ ಮನೆಯವರ ಕಷ್ಟಕ್ಕೆ ಆಗುವವನೊಬ್ಬ. ಆದರೆ ನಡುವೆ ಉಸಿರು ನಿಲ್ಲಿಸದೆ ಹೇಳಿ ನೋಡಿ: ಟೊಳ್ಳುಗಟ್ಟಿ. ಹೆಪ್ಪುಗಟ್ಟಿ, ಸಾಲುಗಟ್ಟಿ ಇದ್ದ ಹಾಗೆ. ಕಟ್ಟಿ ಎಂಬುದರ ಕಕಾರ ಗಕಾರವಾಗಿ, ಒಳಗೊಳಗೇ ಟೊಳ್ಳಾಗಿ ಹೋಗಿ ಎಂಬ ಅರ್ಥ ಎದ್ದು ನಿಲ್ಲುತ್ತದೆ. ಗಟ್ಟಿಯವನು ಮಾಯ, ಟೊಳ್ಳೊಂದೇ ಉಳಿಯಿತು! ಅಚ್ಚಿನಲ್ಲಿ ನಡುವೆ ಒಂದು ಗೆರೆ ಎಳೆದರೆ ತೀರಿತು. ಬಾನುಲಿಯಲ್ಲಿ ಆ ಗೆರೆಯ ಕೆಲಸವನ್ನು ಉಸಿರೇ ಮಾಡಬೇಕು.

ಅವರದೇ 'ಹೋಂ ರೂಲು' ನೋಡಿ. 1916ರಲ್ಲಿ ತಿಲಕರೂ ಆನಿ ಬೆಸೆಂಟರೂ ಹೋಂ ರೂಲ್ ಚಳವಳಿ ಹೂಡಿದರು. ಬೆಸೆಂಟರ ನೆಲೆ ಮದ್ರಾಸು, ನಮ್ಮ ಕಾಸರಗೋಡು ಸೇರಿದ್ದೂ ಆಗ ಅದೇ ಪ್ರಾಂತ್ಯಕ್ಕೆ. ಸಭೆಯಲ್ಲಿ ಗುಡುಗಿದ ಆ ಮಾತಿನ ಕೊನೆಗೆ ಒಂದು ಉಕಾರ ಹಚ್ಚಿದ್ದೇ ತಡ, ಅದು ಮನೆಯೊಳಗಿನ ದರಬಾರಾಯಿತು. ನನ್ನ ಕಿವಿಗಂತೂ ರೂಲುದೊಣ್ಣೆಯ ಸದ್ದೂ ಕೇಳಿಸುತ್ತದೆ.

ಸಂಸ್ಕೃತದ ಹಳೆಯ ಪ್ರಹಸನ 'ಭಗವದಜ್ಜುಕ' ನನಗೆ ಇವೆಲ್ಲಕ್ಕಿಂತ ಹೆಚ್ಚು ಇಷ್ಟ. ಭಗವತ್ ಎಂದರೆ ಸನ್ಯಾಸಿ, ಅಜ್ಜುಕಾ ಎಂದರೆ ಗಣಿಕೆ. ಯಮನ ದೂತ ಆಳು ತಪ್ಪಿ ಗಣಿಕೆಯ ಪ್ರಾಣ ಒಯ್ಯುತ್ತಾನೆ. ಶಿಷ್ಯನಿಗೆ ಯೋಗದ ಬಲ ತೋರಿಸಲು ಸನ್ಯಾಸಿ ಅವಳ ಶವದೊಳಗೆ ಹೊಗುತ್ತಾನೆ. ತಪ್ಪು ತಿದ್ದಲು ಬಂದ ದೂತ, ಅಲ್ಲಿ ಜಾಗವಿಲ್ಲದ್ದು ಕಂಡು, ಅವಳ ಪ್ರಾಣವನ್ನು ಸನ್ಯಾಸಿಯ ಮೈಗೆ ತುಂಬುತ್ತಾನೆ. ಗಣಿಕೆಯ ಬಾಯಲ್ಲಿ ವೇದಾಂತ, ಸನ್ಯಾಸಿಯ ಬಾಯಲ್ಲಿ ಸರಸ! ಈಗ ಹೆಸರನ್ನು ಬಿಡಿಸಿ. ಸನ್ಯಾಸಿಯೂ ಗಣಿಕೆಯೂ ಎನ್ನುವಿರೋ, ಸನ್ಯಾಸಿಯೇ ಆದ ಗಣಿಕೆ ಎನ್ನುವಿರೋ? ನಾಟಕದ ಗೊಂದಲವೆಲ್ಲ ಆ ಒಂದು ಸಮಾಸದಲ್ಲೇ ಇದೆ. ಸಂಧಿಯಲ್ಲಿ ತಕಾರವೂ ವೇಷ ಬದಲಿಸಿ ದಕಾರವಾಗಿದೆ.

ಶ್ರೀರಂಗರ 'ಹರಿಜನ್ವಾರ' ನಾಟಕದ ಹೆಸರಿನಲ್ಲಿ ನಗುವಿಗೆ ಮೊನೆಯಿದೆ. ಗಾಂಧೀಜಿ 'ಹರಿಜನ' ಪತ್ರಿಕೆ ಶುರುಮಾಡಿದ್ದು 1933ರಲ್ಲಿ, ಆ ಮಾತು ಎಲ್ಲರ ಬಾಯಲ್ಲಿದ್ದ ಕಾಲ. ಜನಿವಾರವನ್ನು ಜನ್ವಾರ ಎನ್ನುವ ಆಡುಮಾತಿನವರಿಗೆ ಅದೇ ಹೆಸರು 'ಹರಿ, ಜನ್ವಾರ' ಎಂದೂ ಕೇಳುತ್ತದೆ. ಹರಿದುಹಾಕು ಎಂದ ಹಾಗೆ. ಎಲ್ಲಿ ನಿಲ್ಲಿಸಿ ಹೇಳುತ್ತೀರಿ ಎಂಬುದರ ಮೇಲೆ ಇಡೀ ಸಭೆಯ ಮುಖಭಾವ ಬದಲಾಗುತ್ತದೆ.

ವೇಷ ಕಟ್ಟದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ತಾಳಮದ್ದಳೆ, ಅದನ್ನು ಕೇಳಿ ಬೆಳೆದ ನಮ್ಮೂರಿನವರಿಗೆ ಇದು ಹೊಸತಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅರ್ಥ ಹೇಳಲು ಕೂತರೆ ಪದವನ್ನು ಎಲ್ಲಿ ಕಡಿಯುತ್ತಾರೆ ಎಂದು ಎದುರಾಳಿಯೂ ಕಿವಿ ನೆಟ್ಟು ಕೂರಬೇಕಿತ್ತು. ನಾಟಕದ ಹೆಸರು ಹೇಳುವವರು ಅದನ್ನು ಮೊದಲು ನಾಲ್ಕು ಸಲ ಬಾಯಿಬಿಟ್ಟು ಓದಿಕೊಳ್ಳಲಿ ಎಂದು ನಾನು ಕಂಡಲ್ಲೆಲ್ಲ ಕೇಳಿಕೊಳ್ಳುತ್ತೇನೆ.

ಆ ರಾತ್ರಿ ನಾಟಕ ಮುಗಿಸಿ ಸೂಟೆ ಹಿಡಿದು ಗದ್ದೆಯ ಹುಣಿಯಲ್ಲಿ ಬರುತ್ತಿದ್ದೆವು. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ತೋಡಿನ ಸಂಕ ದಾಟುವಾಗ, "ಓದಿದವ ಟೊಳ್ಳು" ಎಂದರು. ಸಂಕ ದಾಟಿ ಆಚೆ ಕಾಲಿಟ್ಟ ಮೇಲೆ, "ಮತ್ತೊಬ್ಬ ಗಟ್ಟಿ" ಎಂದರು.

ನಮಸ್ಕಾರ.