ಮೂವರು ಶಿಷ್ಯರಲ್ಲಿ ಅಸಲಿ ಯಾರು?

ಅಧ್ಯಕ್ಷರಿಗೂ ಪುಣೆಯ ಕನ್ನಡ ಬಂಧುಗಳಿಗೂ ನಮಸ್ಕಾರ.

ಹಿಂದುಸ್ತಾನಿ ಸಂಗೀತದ ಸವಾಯಿ ಗಂಧರ್ವ ಮಹೋತ್ಸವದ ದಿನಗಳು ಹತ್ತಿರವಾದ ಹಾಗೆ ಈ ಊರಿನಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ಯಾರೇ ಹಾಡಲಿ, ಕೇಳಿ ಎದ್ದವರಲ್ಲಿ ಒಬ್ಬರಾದರೂ "ಚೆನ್ನಾಗಿತ್ತು, ಆದರೆ ಅಸಲಿ ಕಿರಾನಾ ಅಲ್ಲ" ಎನ್ನುತ್ತಾರೆ. ಕಿರಾನಾ ಎಂದರೆ ಹಿಂದುಸ್ತಾನಿ ಸಂಗೀತದ ಒಂದು ಘರಾನೆ, ಗುರುವಿನಿಂದ ಶಿಷ್ಯರಿಗೆ ಇಳಿದು ಬಂದ ಗಾಯನ ಪರಂಪರೆ. ಹೀಗೆ ಹೇಳುವವರು ಸಂಗೀತವನ್ನು ಮನಸಾರೆ ಪ್ರೀತಿಸುವವರೇ ಆದ್ದರಿಂದ ಈ ಮಾತನ್ನು ತಳ್ಳಿಹಾಕುವುದು ಸರಿಯಲ್ಲ, ಒರೆಗೆ ಹಚ್ಚಿ ನೋಡಬೇಕು. ನನ್ನ ನಂಬಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಅಸಲಿ ಎಂದು ಕರೆಯುವುದರಲ್ಲಿ ಬಹುಪಾಲು, ನಮ್ಮ ಕಿವಿ ಎಳವೆಯಲ್ಲಿ ಯಾವುದಕ್ಕೆ ಪಳಗಿತೋ ಅದೇ ಆಗಿರುತ್ತದೆ. ಅಸಲಿ ಎಂಬುದು ಇಲ್ಲವೆಂದು ನಾನು ಹೇಳುವುದಿಲ್ಲ. ಗುರುವಿನಿಂದ ಪಡೆದ ತಾಲೀಮನ್ನು ಹಾಡುವವರು ತಮ್ಮ ಕಂಠಕ್ಕೆ ಎಷ್ಟು ಪ್ರಾಮಾಣಿಕವಾಗಿ ಒಗ್ಗಿಸಿಕೊಂಡಿದ್ದಾರೆ ಎಂಬಲ್ಲಿ ಅದು ಇದೆಯೇ ಹೊರತು, ಹಳೆಯ ದನಿಯನ್ನು ಎಷ್ಟು ಹೋಲುತ್ತಾರೆ ಎಂಬಲ್ಲಿ ಇಲ್ಲ.

ಕಿರಾನಾವನ್ನೇ ತೆಗೆದುಕೊಳ್ಳೋಣ. ಮಿರಜಿನಲ್ಲಿ ನೆಲೆಸಿದ ಅಬ್ದುಲ್ ಕರೀಂ ಖಾನರ ಶಿಷ್ಯರು ನಮ್ಮ ಕುಂದಗೋಳದ ರಾಮಭಾವೂ, ಅಂದರೆ ಸವಾಯಿ ಗಂಧರ್ವರು. ಅವರ ಶಿಷ್ಯರಲ್ಲಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಮತ್ತು ಮುಂಬಯಿಯ ಪಾರಸಿ ಗಾಯಕ ಫಿರೋಜ್ ದಸ್ತೂರ್, ಈ ಮೂವರನ್ನು ಒಟ್ಟಿಗೆ ನೆನೆಯಿರಿ. ಒಬ್ಬನೇ ಗುರು, ಒಂದೇ ವಿದ್ಯೆ. ಆದರೂ ಕಣ್ಣು ಮುಚ್ಚಿ ಕೇಳಿದರೆ ಮೂವರೂ ಒಂದೇ ಮನೆಯವರೆಂದು ಹೊಸಬರು ನಂಬುವುದು ಕಷ್ಟ. ದಸ್ತೂರರ ಹಾಡಿನಲ್ಲಿ ಅಬ್ದುಲ್ ಕರೀಂ ಖಾನರ ಎಳೆ ಎಳೆಯಾದ ಸ್ವರ ಹಚ್ಚುವ ರೀತಿ ಎದ್ದು ಕಾಣುತ್ತದೆ. ಗಂಗೂಬಾಯಿಯವರದು ಅಲುಗಾಡದ ತೂಕದ ದನಿ. ಭೀಮಸೇನರ ತಾನುಗಳಲ್ಲಿ, ಅಂದರೆ ವೇಗದ ಸ್ವರಸರಣಿಗಳಲ್ಲಿ, ಕಿರಾನಾಕ್ಕೆ ಹೊರಗಿನ ಆವೇಶ ಧಾರಾಳವಾಗಿದೆ. ಬೇರೆ ಘರಾನೆಗಳ ಗಾಯಕರಾದ ಕೇಸರಬಾಯಿಯವರಿಂದಲೂ ಅಮೀರ್ ಖಾನರಿಂದಲೂ ಪಡೆದದ್ದನ್ನು ಭೀಮಸೇನರು ಎಂದೂ ಮುಚ್ಚಿಡಲಿಲ್ಲ. ಹೋಲಿಕೆಯೇ ಅಳತೆಗೋಲಾದರೆ ದಸ್ತೂರರೊಬ್ಬರೇ ಅಸಲಿ, ಉಳಿದಿಬ್ಬರು ದಾರಿ ತಪ್ಪಿದವರು ಎನ್ನಬೇಕಾಗುತ್ತದೆ. ಈ ತೀರ್ಪಿಗೆ ಈ ಸಭೆಯಲ್ಲಿ ಯಾರಾದರೂ ಸಹಿ ಹಾಕುತ್ತಾರೆಯೇ? ಇನ್ನೂ ಹಿಂದಕ್ಕೆ ಹೋದರೆ ಅಬ್ದುಲ್ ಕರೀಂ ಖಾನರೇ ಕರ್ನಾಟಕ ಸಂಗೀತವನ್ನು ಆಸೆಯಿಂದ ಕೇಳಿ, ತ್ಯಾಗರಾಜರ ಕೃತಿಯನ್ನು ಕಲಿತು ಧ್ವನಿಮುದ್ರಿಸಿದವರು. ಸ್ವರಗಳ ಹೆಸರನ್ನೇ ಹಿಡಿದು ಹಾಡುವ ಅವರ ಸರಗಮ್ಮಿನಲ್ಲಿ ದಕ್ಷಿಣದ ಗಾಳಿ ಇದೆ. ಬೆರಕೆಯಿಲ್ಲದ ಕಿರಾನಾ ಎಂಬುದು ಮೂಲದಲ್ಲಿಯೇ ಸಿಗುವುದಿಲ್ಲ.

ಈ ವಿಷಯ ಬಂದಾಗ ನನಗೆ ತಪ್ಪದೆ ನೆನಪಾಗುವುದು ಗಾಯಕ ಅಲ್ಲಾದಿಯಾ ಖಾನರ ಕಥೆ. ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಆದರೂ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅವರು ಧ್ರುಪದವೆಂಬ ಹಳೆಯ ಗಾಯನ ಪ್ರಕಾರದ ಮನೆತನದಲ್ಲಿ ಬೆಳೆದವರು. ಹರೆಯದಲ್ಲಿ ದನಿ ಸುಲಭವಾಗಿ, ಸಿಹಿಯಾಗಿ ಹರಿಯುತ್ತಿತ್ತು ಎಂದು ಹೇಳುತ್ತಾರೆ. ಮಾಳವದ ಆಮ್ಲೇಟಾ ಎಂಬ ಪುಟ್ಟ ಸಂಸ್ಥಾನದಲ್ಲಿದ್ದಾಗ ಅಲ್ಲಿನ ಒಡೆಯನಿಗೆ ಇವರ ಹಾಡು ಎಷ್ಟು ಕೇಳಿದರೂ ಸಾಲದು. ಒಡೆಯ ಕೇಳುತ್ತಲೇ ಹೋದ, ಇವರು ಹಾಡುತ್ತಲೇ ಹೋದರು; ಕೊನೆಗೆ ಕಂಠ ಬಿದ್ದುಹೋಯಿತು. ಸ್ವಲ್ಪ ಯೋಚಿಸಿ ನೋಡಿ: ಹಾಡನ್ನೇ ಉಸಿರಾಗಿಸಿಕೊಂಡವರಿಗೆ ಮೂಲಸ್ವರವಾದ ಷಡ್ಜವೇ ನಿಲ್ಲದಂತಾದರೆ ಹೇಗಿರುತ್ತದೆ? ಕಾಲಾಂತರದಲ್ಲಿ ದನಿ ಮರಳಿತು, ಆದರೆ ಹಳೆಯ ದನಿಯಾಗಿ ಮರಳಲಿಲ್ಲ. ಮೊದಲಿನ ನಯವೂ ಸಲೀಸೂ ಹೋಗಿದ್ದವು. ಹಳೆಯ ರೀತಿಯನ್ನೇ ಹಟದಿಂದ ಹಾಡಿದ್ದರೆ ಅವರು ತಮ್ಮದೇ ನೆರಳಾಗಿ ಉಳಿಯುತ್ತಿದ್ದರು. ಬದಲಿಗೆ, ಈ ಹೊಸ ಕಂಠಕ್ಕೆ ಏನು ಸಾಧ್ಯ ಎಂದು ಕೇಳಿಕೊಂಡು, 'ಆ' ಎಂಬ ಉಚ್ಚಾರದಲ್ಲಿ ಬಿಗಿಯಾಗಿ ಹೆಣೆದ, ಲಯದ ಒಳಗೆ ಸುರುಳಿ ಸುರುಳಿಯಾಗಿ ಸಾಗುವ, ಎರಡು ರಾಗ ಬೆರೆತ ಅಪರೂಪದ ಜೋಡು ರಾಗಗಳನ್ನು ಮೆಚ್ಚುವ ಒಂದು ಗಾಯಕಿಯನ್ನು, ಅಂದರೆ ಹಾಡುವ ಶೈಲಿಯನ್ನು, ಕಟ್ಟಿದರು. ಇಂದು ಜೈಪುರ-ಅತ್ರೌಲಿ ಎಂದು ಕೈಮುಗಿದು ಹೆಸರಿಸುವುದು ಆ ಗಾಯಕಿಯನ್ನೇ. ಗೋವೆಯ ಕೇಸರಬಾಯಿ ಕೇರಕರ್, ಮೋಗುಬಾಯಿ ಕುರ್ಡೀಕರ್ ಅದನ್ನು ಅವರಿಂದಲೇ ಪಡೆದರು; ನಮ್ಮ ಮಲ್ಲಿಕಾರ್ಜುನ ಮನ್ಸೂರರಿಗೆ ಅದು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್ ಮತ್ತು ಬುರ್ಜೀಖಾನರಿಂದ ಬಂದಿತು. "ಅಪ್ಪಟ ಜೈಪುರ" ಎಂದು ನಾವು ಕಾವಲು ಕಾಯುವ ಶೈಲಿಯ ಮೂಲದಲ್ಲಿ ಒಂದು ಗಾಯಗೊಂಡ ಗಂಟಲಿದೆ.

ಇದು ಒಬ್ಬರ ಕಥೆಯಲ್ಲ. ಗಂಗೂಬಾಯಿಯವರ ಹೆಣ್ಣುದನಿ ಗಂಟಲಿನ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ಗಂಡುದನಿಯಂತೆ ತಗ್ಗಿತು. ಅವರು ಅದನ್ನು ಮರೆಮಾಚದೆ ಆ ತಗ್ಗಿನಲ್ಲಿಯೇ ತಮ್ಮ ಘನತೆಯನ್ನು ಕಂಡುಕೊಂಡರು. ಬೆಳಗಾವಿಯ ಸುಳೇಭಾವಿಯ ಕುಮಾರ ಗಂಧರ್ವರಿಗೆ ಕ್ಷಯ ಬಂದು ಒಂದು ಶ್ವಾಸಕೋಶ ಕೆಟ್ಟಿತು. ದೇವಾಸದ ಹಾಸಿಗೆಯಲ್ಲಿ ಮಲಗಿ ಮಾಳವದ ಹಳ್ಳಿಯ ಹಾಡುಗಳನ್ನು ಕೇಳುತ್ತ ವರ್ಷಗಳನ್ನು ಕಳೆದರು. ಮರಳಿ ಹಾಡತೊಡಗಿದಾಗ ಉದ್ದುದ್ದ ಉಸಿರಿನ ಜಾಗದಲ್ಲಿ ತುಂಡು ತುಂಡಾದ, ಮಿಂಚಿನಂಥ ಸ್ವರಸಮೂಹಗಳು ಬಂದವು. ಇದು ಪರಂಪರೆಯಲ್ಲ ಎಂದು ಮುಖ ತಿರುಗಿಸಿದವರು ಆಗ ಇದ್ದರು. ಇಂದು ಕುಮಾರರನ್ನು ಅನುಕರಿಸುವ ಎಳೆಯರಿಗೆ ಎರಡೂ ಶ್ವಾಸಕೋಶ ಗಟ್ಟಿಯಾಗಿವೆ, ಆದರೂ ಅದೇ ಜಾಗದಲ್ಲಿ ಉಸಿರು ಕಡಿಯುತ್ತಾರೆ. ನಾನು ಅಸಲಿಯಲ್ಲ ಎನ್ನುವುದು ಇದನ್ನು. ಕುಮಾರರ ದನಿಯಲ್ಲಿ ಅಗತ್ಯವಾಗಿದ್ದದ್ದು ಇಲ್ಲಿ ಬರಿಯ ಅಲಂಕಾರವಾಗಿದೆ.

ಇನ್ನು ರುಚಿಯ ವಿಚಾರ. ನಮ್ಮ ಅತ್ತಿಗೆ ಮೈಸೂರಿನವರು. ಶುಕ್ರವಾರ ದೀಪ ಹಚ್ಚಿ 'ಭಾಗ್ಯದ ಲಕ್ಷ್ಮೀ ಬಾರಮ್ಮ'ವನ್ನು ಮಧ್ಯಮಾವತಿ ರಾಗದಲ್ಲಿ ಹಾಡುತ್ತಾರೆ. ನನ್ನ ತಾಯಿ ಧಾರವಾಡದ ಆಕಾಶವಾಣಿಯನ್ನು ಕೇಳಿ ಬೆಳೆದವರು. ಅವರಿಗೆ ಆ ಪದವೆಂದರೆ ಭೀಮಸೇನರು ತಮ್ಮದೇ ಧಾಟಿಯಲ್ಲಿ ಹಾಡಿದ್ದು. ಒಮ್ಮೆ ಭೀಮಸೇನರ ಧ್ವನಿಮುದ್ರಿಕೆ ಮುಗಿದಾಗ ಅತ್ತಿಗೆ ಬಹಳ ಮರ್ಯಾದೆಯಿಂದ, "ಕೇಳಕ್ಕೆ ತುಂಬ ಚೆನ್ನಾಗಿದೆ ಅತ್ತೆ, ಆದ್ರೆ ಲಕ್ಷ್ಮಿ ಬರೋದು ಮಧ್ಯಮಾವತಿಗೇ" ಎಂದರು. ತಾಯಿ ಹೂ ಕಟ್ಟುವುದನ್ನು ನಿಲ್ಲಿಸದೆ, "ಹಂಗಾದ್ರ ಇಷ್ಟು ವರ್ಷ ನಮ್ಮನಿಗೆ ಬಂದಾಕಿ ಯಾರವ್ವಾ?" ಎಂದು ಕೇಳಿದರು. ಇಬ್ಬರೂ ಮನಸ್ಸಿನಲ್ಲಿ ಇದ್ದದ್ದನ್ನೇ ಹೇಳಿದರು. ಪುರಂದರದಾಸರು ತಾವು ಯಾವ ಧಾಟಿಯಲ್ಲಿ ಹಾಡಿದರೆಂಬುದಕ್ಕೆ ಅಂದಿನ ಸ್ವರಲಿಪಿಯೇನೂ ನಮ್ಮ ಕೈಯಲ್ಲಿಲ್ಲ. ರುಚಿ ನಮ್ಮನ್ನು ಹಾಡಿನ ಬಳಿಗೆ ಕರೆದೊಯ್ಯುತ್ತದೆ. ಅದಿಲ್ಲದೆ ಯಾರೂ ಚಳಿಯಲ್ಲಿ ಶಾಲು ಹೊದ್ದು ಗಂಟೆಗಟ್ಟಲೆ ಕೂರುವುದಿಲ್ಲ. ಆದರೆ ಅದೇ ರುಚಿ ಶಾಸ್ತ್ರದ ವೇಷ ಹಾಕಿಕೊಂಡು ಬೇರೆಯವರ ಹಾಡನ್ನು ಖೋಟಾ ಎಂದಾಗ ಅದಕ್ಕೆ ಅಧಿಕಾರ ಎಲ್ಲಿಂದ ಬಂದಿತೆಂದು ಕೇಳಬೇಕು.

ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ, ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಯುರೋಪಿನಿಂದ ಬಂದ ಈ ವಾದ್ಯ ನಮ್ಮ ಶ್ರುತಿಗಳಿಗೆ ಒಗ್ಗದೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು; ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಆಕ್ಷೇಪದಲ್ಲಿ ಹುರುಳಿಲ್ಲದೆ ಇರಲಿಲ್ಲ. ದರಬಾರಿ ರಾಗದ ಕೋಮಲ ಗಾಂಧಾರ ತೂಗುತ್ತ, ಬೆರಳಿನಿಂದ ಒತ್ತುವ ಪೇಟಿಯ ಪಟ್ಟಿಯ ಸ್ವರಕ್ಕಿಂತ ತುಸು ಕೆಳಗೆ ನಿಲ್ಲುತ್ತದೆ. ಪೇಟಿಯ ಪಟ್ಟಿಗೆ ತೂಗುವುದು ಗೊತ್ತಿಲ್ಲ. ಆದರೆ ಬಲ್ಲ ಪೇಟಿವಾದಕರನ್ನು ಹತ್ತಿರದಿಂದ ಗಮನಿಸಿ: ಗಾಯಕರು ಗಾಂಧಾರವನ್ನು ತೂಗತೊಡಗಿದೊಡನೆ ಅವರ ಬೆರಳು ಪಟ್ಟಿಯಿಂದ ಮೇಲೇಳುತ್ತದೆ, ತಿದಿ ಒತ್ತುವ ಎಡಗೈ ಹಗುರಾಗುತ್ತದೆ, ದನಿ ಋಷಭಕ್ಕೆ ಇಳಿದ ಮೇಲೆಯೇ ಮತ್ತೆ ಮೆಲ್ಲಗೆ ಸೇರಿಕೊಳ್ಳುತ್ತಾರೆ. ಆ ಎತ್ತಿದ ಬೆರಳಿನಲ್ಲಿ ರಾಗದ ತಿಳಿವಳಿಕೆ ಪೂರ್ತಿ ಇದೆ. ವಾದ್ಯ ಎಲ್ಲಿಯದೆಂಬ ಪ್ರಶ್ನೆ ನನಗೆ ಅಲ್ಲಿಗೆ ತೀರಿಹೋಗುತ್ತದೆ.

ಅಧ್ಯಕ್ಷರ ಚೀಟಿ ಬಂದಿದೆ, ಹತ್ತು ನಿಮಿಷ ಉಳಿದಿಲ್ಲ. ಧ್ವನಿಮುದ್ರಣದ ಬಗ್ಗೆ ಹೇಳಬೇಕೆಂದಿದ್ದದ್ದನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ಎದುರು ಕೂತು ಕೇಳಿದ್ದೇ ನಿಜವಾದ ಸಂಗೀತ, ಯಂತ್ರದ್ದು ಅಲ್ಲ ಎನ್ನುವವರು, ಹನ್ನೊಂದರ ವಯಸ್ಸಿನ ಭೀಮಸೇನನನ್ನು ಮನೆ ಬಿಡಿಸಿದ್ದು ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಒಂದು ಗ್ರಾಮಫೋನ್ ತಟ್ಟೆ, ಅದೂ ಮೂರು ನಿಮಿಷದ್ದು ಎಂಬುದನ್ನು ನೆನಪಿಡಬೇಕು. ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ನಿರ್ಬಂಧ ಬಂದ ಮೇಲೆ ನಡುರಾತ್ರಿಯ ರಾಗಗಳ ಗತಿಯೇನು ಎಂಬುದು ದೊಡ್ಡ ವಿಷಯ, ಇನ್ನೊಮ್ಮೆ ಮಾತನಾಡೋಣ.

ಒಂದು ಆಕ್ಷೇಪಕ್ಕೆ ಮಾತ್ರ ಉತ್ತರಿಸದೆ ಇಳಿಯಲಾರೆ. ಎಲ್ಲವೂ ಹಾಡುವವರ ಕಂಠಕ್ಕೆ ಬಿಟ್ಟದ್ದೆಂದರೆ ಯಾರು ಏನು ಹಾಡಿದರೂ ನಡೆಯುತ್ತದೆಯೇ ಎಂದು ಕೇಳುತ್ತಾರೆ. "ಆನು ಒಲಿದಂತೆ ಹಾಡುವೆ" ಎಂಬ ಬಸವಣ್ಣನವರ ಮಾತನ್ನು ಅರ್ಧಂಬರ್ಧ ರಿಯಾಜಿನವರು ಗುರಾಣಿಯಾಗಿ ಹಿಡಿಯುವುದೂ ಉಂಟು. ಖಂಡಿತ ನಡೆಯುವುದಿಲ್ಲ. ಅಲ್ಲಾದಿಯಾ ಖಾನರು ಹೊಸ ದಾರಿ ಹಿಡಿಯುವ ಮೊದಲು ಹಳೆಯ ದಾರಿಯನ್ನು ಪೂರ್ತಿ ನಡೆದಿದ್ದರು. ಮನ್ಸೂರರು ನೀಲಕಂಠಬುವಾ ಮಿರಜಕರರಲ್ಲಿ ಗ್ವಾಲಿಯರ್ ಘರಾನೆಯ ತಾಲೀಮು ಮುಗಿಸಿ, ಆಮೇಲೆ ಜೈಪುರವನ್ನು ಅರಗಿಸಿಕೊಂಡವರು. ಹನ್ನೆರಡನೆಯ ಶತಮಾನದ ವಚನಗಳ ಧಾಟಿ ಹೀಗೆಯೇ ಇತ್ತೆಂದು ತೋರಿಸುವ ಲಿಪಿ ಅವರಿಗೂ ಸಿಕ್ಕಿರಲಿಲ್ಲ. ಆದರೂ ಅವರು ವಚನವೊಂದನ್ನು ಎತ್ತಿಕೊಂಡಾಗ, ಎಷ್ಟೇ ತಾನುಗಳನ್ನು ಬಲ್ಲವರಾಗಿದ್ದರೂ, ಮಾತು ಮುರಿಯುವ ಜಾಗದಲ್ಲಿ ರಾಗವನ್ನು ತಡೆದು ನಿಲ್ಲಿಸುತ್ತಾರೆ. ಆ ತಡೆಯುವಿಕೆ ಅವರಿಗೆ ದಶಕಗಳ ದುಡಿಮೆಯಿಂದ ದಕ್ಕಿದ್ದು. ಅವರ ವಚನಗಾಯನದ ಧ್ವನಿಮುದ್ರಿಕೆಯನ್ನು ಇಲ್ಲಿಗೆ ತಂದಿದ್ದೇನೆ. ಚಹಾಕ್ಕೆ ಏಳುವ ಮುನ್ನ ಅದನ್ನು ಕೇಳಿಸಲು ಅಧ್ಯಕ್ಷರು ಅಪ್ಪಣೆ ಕೊಡಬೇಕೆಂದು ಕೋರುತ್ತೇನೆ.